ಪರ್ಮಿಟ್ಟಿನ ವಿರುದ್ಧ ಒಂದು ಚುನಾವಣೆ

ಪ್ರಚಾರದ ಕಾರಿನಲ್ಲಿ ಕುಳಿತು ಮೈಕಿನಲ್ಲಿ ಮಾತಾಡುವುದಕ್ಕೆ ಒಂದು ಕ್ರಮವಿದೆ. ಕಾರು ಎರಡನೇ ಗೇರು ದಾಟಬಾರದು. ಮೊದಲು ಚಿಹ್ನೆ ಹೇಳಬೇಕು, ಆಮೇಲೆ ಅಭ್ಯರ್ಥಿಯ ಹೆಸರು, ಮತ್ತೆ ಚಿಹ್ನೆ. ಚಾರ್ಮಾಡಿ ರಸ್ತೆಯಂಥ ರಸ್ತೆಯಲ್ಲಿ ತಿರುವಿಗೆ ಮುಂಚೆ ಹೊಸ ವಾಕ್ಯ ಶುರುಮಾಡಬಾರದು, ಯಾಕೆಂದರೆ ಅರ್ಧ ಮಾತು ಈಚೆ ಗುಡ್ಡದ ಮನೆಗಳಿಗೆ, ಇನ್ನರ್ಧ ಆಚೆಯವರಿಗೆ ಹೋಗಿ ಎರಡೂ ಕಡೆ ಏನೂ ಅರ್ಥವಾಗುವುದಿಲ್ಲ. ದೇವಸ್ಥಾನ, ಮಸೀದಿ, ಶಾಲೆ ಬಂದಾಗ ಸ್ವಿಚ್ಚು ಆರಿಸಬೇಕು. ಆಂಪ್ಲಿಫಯರಿನ ಬ್ಯಾಟರಿ ಕಾಲ ಬುಡದಲ್ಲೇ ಇರುತ್ತದೆ. ಅದರ ಆಸಿಡ್ ಸಿಡಿದು ಆ ಚುನಾವಣೆಯಲ್ಲಿ ನನ್ನ ಎರಡು ಸೀರೆಗಳ ಅಂಚು ತೂತಾಗಿತ್ತು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಧಾನಸಭೆಗೆ ಚುನಾವಣೆ. ನಾನು ಬೆಳ್ತಂಗಡಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಒಂದು ಖಾಸಗಿ ಬಸ್ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಕಂಪನಿಯ ಧಣಿಗಳೇ ನಮ್ಮ ಅಭ್ಯರ್ಥಿ. ಸರ್ಕಾರ ವ್ಯಾಪಾರಕ್ಕೆ ಕೈಹಾಕಬಾರದು, ಲೈಸೆನ್ಸು ಪರ್ಮಿಟ್ಟುಗಳ ರಾಜ್ಯ ಹೋಗಬೇಕು ಎನ್ನುವ ಪಕ್ಷ ಅವರದು. ದೊಡ್ಡ ಊರುಗಳಲ್ಲಿ ಓದಿದವರು ಕಟ್ಟಿದ ಪಕ್ಷ. ನಮ್ಮಲ್ಲಿ ಅದರ ಕರಪತ್ರಗಳನ್ನು ಪೂರ್ತಿ ಓದುತ್ತಿದ್ದವರು ಬಹಳ ಕಡಿಮೆ. ನಾನು ಓದುತ್ತಿದ್ದೆ. ಓದಿ ಒಪ್ಪಿದ್ದೆ ಕೂಡ.

ಒಪ್ಪಲು ನನಗೆ ಪುಸ್ತಕ ಬೇಕಿರಲಿಲ್ಲ. ಮೂಡುಬಿದಿರೆಯಲ್ಲಿ ನನ್ನ ಅಪ್ಪನದು ಸಣ್ಣ ಸೋಡಾ ಕಾರ್ಖಾನೆ, ಗೋಲಿ ಸೋಡಾ ಮತ್ತು ಬಣ್ಣದ ಶರಬತ್ತು. ಶರಬತ್ತಿಗೆ ಸಕ್ಕರೆ ಬೇಕು, ಸಕ್ಕರೆಗೆ ಕೋಟಾ, ಕೋಟಾಕ್ಕೆ ಸಪ್ಲೈ ಆಫೀಸು. ಸೆಕೆಗಾಲದಲ್ಲಿ, ಅಂದರೆ ಸೋಡಾ ಮಾರಾಟವಾಗುವ ದಿನಗಳಲ್ಲೇ, ಅಪ್ಪ ಬಿಳಿ ಅಂಗಿ ಹಾಕಿಕೊಂಡು ಆ ಆಫೀಸಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಯಾರಿಗೂ ಅನ್ಯಾಯ ಮಾಡದ ಮನುಷ್ಯ ತನ್ನ ಕೆಲಸ ತಾನು ಮಾಡಲು ಯಾರದೋ ಮುಖ ನೋಡಿ ಕಾಯಬೇಕು ಎನ್ನುವುದು ನನಗೆ ಹುಡುಗಿಯಾಗಿದ್ದಾಗಲೇ ಸಿಟ್ಟು ತರಿಸುತ್ತಿತ್ತು. ಆ ಸಿಟ್ಟಿಗೆ ಒಂದು ಪಕ್ಷ ಇದೆ ಎಂದು ತಿಳಿದಾಗ ಟೈಪ್‌ರೈಟರ್ ಬಿಟ್ಟು ಮೈಕ್ ಹಿಡಿಯಲು ನಾನಾಗಿಯೇ ಕೇಳಿಕೊಂಡೆ.

ಧಣಿಗಳು ಮೊದಲು ನಕ್ಕಿದ್ದರು. "ಹೆಣ್ಣು ಮಕ್ಕಳು ಮೈಕಿನಲ್ಲಿ ಮಾತಾಡಿದ್ರೆ ಜನ ಎಂತ ಹೇಳ್ತಾರೆ ಮಗಾ?"

"ಜನ ಕಿವಿಗೊಟ್ಟು ಕೇಳ್ತಾರೆ ಧಣಿಗಳೇ. ಗಂಡಸರ ಸ್ವರ ಕೇಳಿ ಕೇಳಿ ಅವರಿಗೆ ಸಾಕಾಗಿದೆ."

ಮೆಲ್ಕಾರಿನಿಂದ ಬಾಡಿಗೆಗೆ ತಂದ ಮೈಕ್ ಸೆಟ್ಟಿನಲ್ಲಿ ಒಂದು ಸಾರಿ ತುಳುವಿನಲ್ಲಿ ಮಾತಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಸರಿ, ಹೋಗುವ" ಎಂದರು.

ನನ್ನ ಭಾಷಣ ಎರಡು ನಿಮಿಷದ್ದು. ಅದರಲ್ಲಿ ಎಲ್ಲಿ ಹೇಳಿದರೂ ಜನ ತಲೆಯಾಡಿಸುತ್ತಿದ್ದ ಒಂದು ಮಾತಿತ್ತು. "ಬಸ್ಸು ನಿಮ್ಮದು, ಡೀಸೆಲು ನಿಮ್ಮದು, ಹತ್ತುವವರು ನಿಮ್ಮ ಊರಿನವರು. ಓಡಿಸ್ಲಿಕ್ಕೆ ಮಾತ್ರ ಸರ್ಕಾರದ ಅಪ್ಪಣೆ ಯಾಕೆ?" ಅದನ್ನು ಬರೆದದ್ದು ನಾನೇ. ಬಸ್ಸುಗಳನ್ನು ಸರ್ಕಾರ ವಹಿಸಿಕೊಳ್ಳುತ್ತದಂತೆ ಎಂಬ ಸುದ್ದಿ ಆಗ ಊರೆಲ್ಲ ಹಬ್ಬಿತ್ತು. ಜನರಿಗೆ ಆ ಭಯವೂ ಇತ್ತು.

ಮುಂಡಾಜೆಯಲ್ಲಿ ಮೊದಲ ಸಲ ಈ ಮಾತು ಹೇಳಿ ಮೈಕ್ ಕೆಳಗಿಟ್ಟಾಗ ಒಬ್ಬ ದಪ್ಪ ಮೀಸೆಯ ಮನುಷ್ಯ ಕಾರಿನ ಕಿಟಕಿಗೆ ಕೈಯಿಟ್ಟು ಬಗ್ಗಿದ. ಘಾಟಿಯಲ್ಲಿ ವರ್ಷಾನುಗಟ್ಟಲೆ ಲಾರಿ ಓಡಿಸಿದ ಡ್ರೈವರ್. ಆಮೇಲೆ ಅವನ ಪರಿಚಯ ಚೆನ್ನಾಗಿ ಆಯಿತು. ಮಾತು ಜಾಸ್ತಿ, ಜಂಬ ಅದಕ್ಕಿಂತ ಜಾಸ್ತಿ, ಮನಸ್ಸು ಒಳ್ಳೆಯದು.

"ಟೀಚರೇ, ಈಗ ಹೇಳಿದ್ದು ಸತ್ಯವಾ?"

ನಾನು ಟೀಚರ್ ಅಲ್ಲ. ಮೈಕಿನಲ್ಲಿ ಮಾತಾಡುವ ಹೆಂಗಸು ಟೀಚರ್ ಅಲ್ಲದೆ ಬೇರೆ ಏನಾಗಿರಲು ಸಾಧ್ಯ ಎಂದು ಅವನ ಲೆಕ್ಕ. ಕೊನೆಯವರೆಗೂ ಹಾಗೆಯೇ ಕರೆದ.

"ಸತ್ಯವೇ. ಯಾಕೆ?"

"ನನ್ನಲ್ಲಿ ಒಂದು ಬಸ್ಸುಂಟು. ಹಳತು, ಆದ್ರೆ ಇಂಜಿನ್ ನಾನೇ ಬಿಚ್ಚಿ ಜೋಡಿಸಿದ್ದು. ಮನೆಯ ಹಿಂದೆ ತೆಂಗಿನ ಮಡಲಿನ ಚಪ್ಪರ ಹಾಕಿ ನಿಲ್ಲಿಸಿದ್ದೇನೆ. ಪರ್ಮಿಟ್ಟಿಗೆ ಅರ್ಜಿ ಹಾಕಿದ್ದೇನೆ. ನಿಮ್ಮ ಧಣಿಗಳು ಗೆದ್ರೆ ನನಗೆ ಸಿಗ್ತದಾ?"

"ಧಣಿಗಳು ಗೆದ್ರೆ ಪರ್ಮಿಟ್ಟೇ ಬೇಡ ಅಂತ ಮಾತಾಡ್ತಾರೆ."

ಅವನು ಕಾರಿನ ಟಾಪಿಗೆ ಒಂದು ಪೆಟ್ಟು ಕೊಟ್ಟು ನಕ್ಕ. ಅವನಿಗೆ ಬೇಕಾಗಿದ್ದದ್ದು ಮುಂಡಾಜೆಯ ಒಳಗಿನಿಂದ ಬೆಳಿಗ್ಗೆ ಬೆಳ್ತಂಗಡಿಗೆ ಒಂದು ಟ್ರಿಪ್ಪು. ಆ ಹೊತ್ತಿಗೆ ಘಾಟಿಯ ಕೆಳಗಿನಿಂದ ಬರುವ ಬಸ್ಸುಗಳು ಮುಂಡಾಜೆ ಮುಟ್ಟುವಾಗ ತುಂಬಿ ತುಳುಕಿರುತ್ತಿದ್ದವು. ಶಾಲೆಯ ಮಕ್ಕಳು, ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಡಲು ಹೊರಟ ಹೆಂಗಸರು, ಆಸ್ಪತ್ರೆಗೆ ಹೊರಟವರು ರಸ್ತೆ ಬದಿಯಲ್ಲಿ ಕೈ ತೋರಿಸುತ್ತ ನಿಂತಿರುತ್ತಿದ್ದರು. ಬಸ್ಸು ನಿಲ್ಲುತ್ತಿರಲಿಲ್ಲ. ಆ ಬಸ್ಸುಗಳು ನಮ್ಮ ಧಣಿಗಳವು.

ಮರುದಿನದಿಂದ ಅವನು ನಮ್ಮ ಕಾರ್ಯಕರ್ತ. ನಮ್ಮ ಕಾರಿನ ಡ್ರೈವರ್ ಜ್ವರ ಬಂದು ಮಲಗಿದಾಗ ಇವನೇ ಸ್ಟಿಯರಿಂಗ್ ಹಿಡಿದ. ಹೆಂಗಸರಿಗೆ ಮತ ಹಾಕಲು ಕಲಿಸುವ ಕೆಲಸ ನನ್ನದಾಗಿತ್ತು. ಅಂಗಳದಲ್ಲಿ ಚಾಪೆ ಹಾಕಿ ಮಾದರಿ ಮತಪತ್ರ ಹರಡಿ, ಮುದ್ರೆ ಎಲ್ಲಿ ಒತ್ತಬೇಕು, ಎರಡು ಚಿಹ್ನೆಯ ನಡುವಿನ ಗೆರೆಗೆ ಬಿದ್ದರೆ ಏನಾಗುತ್ತದೆ, ಹಸಿ ಶಾಯಿ ಆಚೆ ಮಗ್ಗುಲಿಗೆ ಅಂಟದ ಹಾಗೆ ಹೇಗೆ ಮಡಚಬೇಕು ಎಂದು ತೋರಿಸಬೇಕು. ಅವನು ಅಲ್ಲಿ ಮತಗಟ್ಟೆಯ ಅಧಿಕಾರಿಯ ಪಾತ್ರ ಮಾಡುತ್ತಿದ್ದ. ಗಂಭೀರವಾಗಿ ಕುಳಿತು, "ನಿಮ್ಮ ಹೆಸರೇನು? ಗಂಡನ ಹೆಸರೇನು?" ಎಂದು ಕೇಳುವನು. ಹೆಂಗಸರು ಗಂಡನ ಹೆಸರು ಹೇಳಲಾಗದೆ ಸೆರಗು ಬಾಯಿಗೆ ಒತ್ತಿ ನಗುವರು. ಪ್ರಚಾರದ ಆ ದಿನಗಳು ನನಗೆ ನಿಜವಾಗಿ ಖುಷಿಯವು. ನಾನು ಹೇಳಿದ ಮಾತನ್ನು ಒಬ್ಬ ಮನುಷ್ಯ ಪೂರ್ತಿಯಾಗಿ ನಂಬಿದ್ದ. ಅಂಥ ಖುಷಿ ಭಾಷಣ ಮಾಡುವವರಿಗೆ ಮಾತ್ರ ಗೊತ್ತು.

ಗುರುವಾಯನಕೆರೆಯಿಂದ ಹಿಂತಿರುಗುತ್ತಿದ್ದ ಒಂದು ಮಧ್ಯಾಹ್ನ ಕಾರಿನಲ್ಲಿ ಧಣಿಗಳು ಮುಂದಿನ ಸೀಟಿನಲ್ಲಿದ್ದರು. ನಮ್ಮ ಹಳೆಯ ಡ್ರೈವರ್ ಗುಣವಾಗಿ ಕೆಲಸಕ್ಕೆ ಬಂದಿದ್ದ. ಧಣಿಗಳು ಹಿಂದೆ ತಿರುಗದೆಯೇ ಮಾತು ತೆಗೆದರು.

"ಮಗಾ, ನಿನ್ನ ಮಾತು ಮುಂಡಾಜೆಯವರು ಕೇಳ್ತಾರೆ. ಬರುವ ಸೋಮವಾರ ಮಂಗಳೂರಲ್ಲಿ ಸಾರಿಗೆಯವರ ವಿಚಾರಣೆ ಉಂಟು, ಪರ್ಮಿಟ್ಟಿನದ್ದು. ಅಲ್ಲಿಂದ ಒಂದು ನಾಲ್ಕೈದು ಜನರನ್ನು ಹೊರಡಿಸು. ಈಗ ಇರುವ ಬಸ್ಸು ನಮಗೆ ಸಾಕು ಅಂತ ಹೇಳಿದ್ರೆ ಆಯ್ತು."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಯಾರ ಪರ್ಮಿಟ್ಟು ಧಣಿಗಳೇ?"

"ಅದೇ, ನಮ್ಮ ಮೀಸೆಯವನದ್ದು."

"ಅವನು ನಮ್ಮ ಜತೆ ಕೆಲಸ ಮಾಡ್ತಾ ಇದ್ದಾನೆ."

"ಒಳ್ಳೆ ಜನ. ನಾನು ಇಲ್ಲ ಅಂತ ಹೇಳ್ಲಿಲ್ಲ. ಆದ್ರೆ ಆ ಹೊತ್ತಿನ ಟ್ರಿಪ್ಪು ಅವನಿಗೆ ಹೋದ್ರೆ ನನ್ನ ಎರಡು ಗಾಡಿ ಖಾಲಿ ಓಡ್ಬೇಕು." ಆಮೇಲೆ ಸ್ವಲ್ಪ ಬೇಸರದ ಸ್ವರದಲ್ಲೇ ಹೇಳಿದರು, "ಅದು ರಾಜಕೀಯ ಮಗಾ, ಇದು ವ್ಯಾಪಾರ. ಎರಡನ್ನೂ ಒಟ್ಟಿಗೆ ಕಟ್ಬಾರ್ದು."

ಅಲ್ಲಿ ನಾನು ಆಗುವುದಿಲ್ಲ ಎನ್ನಬೇಕಿತ್ತು. ಅವರು ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಅಪ್ಪನಿಗೆ ಎದೆನೋವು ಬಂದಾಗ ಲೈನಿನಲ್ಲಿದ್ದ ಬಸ್ಸನ್ನೇ ತಿರುಗಿಸಿ ಆಸ್ಪತ್ರೆಗೆ ಸೇರಿಸಿದವರು. ಬಾಯಿ ಕಟ್ಟಿದ್ದು ಆ ಉಪಕಾರವೇ. "ನೋಡ್ತೇನೆ" ಎಂದೆ. ಯಾರನ್ನೂ ಹೊರಡಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಮೀಸೆಯವನು ಮರುದಿನ ಮಾದರಿ ಮತಪತ್ರಗಳ ಕಟ್ಟು ಹೊತ್ತುಕೊಂಡು ನನ್ನ ಹಿಂದೆ ನಡೆಯುತ್ತ, ಬಸ್ಸಿಗೆ ಯಾವ ಬಣ್ಣ ಹೊಡೆಯುವ ಎಂದು ಕೇಳಿದ. ನೀಲಿ ಎಂದೆ.

ಸೋಮವಾರ ಧಣಿಗಳು ನನ್ನನ್ನು ಕರೆದುಕೊಂಡೇ ಮಂಗಳೂರಿಗೆ ಹೊರಟರು. ಜನ ಬರದಿದ್ದರೂ ಅವರು ಏನೂ ಅನ್ನಲಿಲ್ಲ. ವಕೀಲರು ಇದ್ದರು, ಅಷ್ಟು ಸಾಕಾಗಿತ್ತು. ವಿಚಾರಣೆಯ ಕೋಣೆಯ ಹೊರಗೆ ಉದ್ದದ ಜಗಲಿ. ಅಲ್ಲಿ ಬೇರೆ ಬೇರೆ ಕಂಪನಿಯವರು, ಅವರ ವಕೀಲರು, ಅರ್ಜಿದಾರರು. ಮೀಸೆಯವನು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಹೆಂಡತಿಯ ಜತೆ ಬಂದಿದ್ದ. ನಮ್ಮನ್ನು ಕಂಡದ್ದೇ ಎದ್ದು ನಿಂತು ಹೆಂಡತಿಗೆ ಹೇಳಿದ, "ನೋಡು, ನಾನು ಹೇಳ್ಲಿಲ್ವಾ? ಧಣಿಗಳು ಸ್ವತಃ ಬಂದಿದ್ದಾರೆ. ಟೀಚರೂ ಬಂದಿದ್ದಾರೆ." ಆ ಹೆಂಗಸು ನಮಗೆ ಕೈಮುಗಿದಳು. ಧಣಿಗಳೂ ಕೈಮುಗಿದರು. ನಾನೂ ಮುಗಿದೆ.

ಒಳಗೆ ಅವನ ಅರ್ಜಿ ಕರೆದಾಗ ನಮ್ಮ ವಕೀಲರು ಎದ್ದರು. ಈ ಮಾರ್ಗದಲ್ಲಿ ಈಗಾಗಲೇ ಸಾಕಷ್ಟು ಬಸ್ಸುಗಳಿವೆ, ಹೊಸಬರು ಬಂದರೆ ಅನಾರೋಗ್ಯಕರ ಪೈಪೋಟಿಯಾಗುತ್ತದೆ, ಹಳೆಯ ಬಸ್ಸಿನಿಂದ ಪ್ರಯಾಣಿಕರಿಗೆ ಅಪಾಯ, ಸಾರ್ವಜನಿಕರಿಂದ ಬೇಡಿಕೆಯೂ ಇಲ್ಲ. ಅವರು ಯಾರ ಪರ ಮಾತಾಡುತ್ತಿದ್ದಾರೆ ಎಂದು ಮೀಸೆಯವನಿಗೆ ಮೊದಲು ತಿಳಿಯಲಿಲ್ಲ. ಕುತ್ತಿಗೆ ತಿರುಗಿಸಿ ಆ ಕಡೆ ಈ ಕಡೆ ನೋಡಿದ. ಧಣಿಗಳು ವಕೀಲರ ಕಿವಿಯಲ್ಲಿ ಏನೋ ಹೇಳಿದಾಗ ತಿಳಿಯಿತು. ಅವನಿಗೆ ವಕೀಲರಿರಲಿಲ್ಲ. ಏನಾದರೂ ಹೇಳುವುದುಂಟೇ ಎಂದು ಅಧಿಕಾರಿ ಕೇಳಿದಾಗ, ಊರಲ್ಲಿ ಯಾರಿಗೂ ಬಾಯಿ ತೆರೆಯಲು ಬಿಡದ ಆ ಮನುಷ್ಯ, "ಬಸ್ಸು ಒಳ್ಳೇದುಂಟು ಸ್ವಾಮಿ" ಎಂದಷ್ಟೇ ಹೇಳಿದ. ಬೇಡಿಕೆ ರುಜುವಾತಾಗಿಲ್ಲ ಎಂದು ಅರ್ಜಿ ಬಿದ್ದುಹೋಯಿತು.

ಹೊರಗೆ ಜಗಲಿಯಲ್ಲಿ ಅವನು ನನ್ನ ಹತ್ತಿರ ಬಂದ. ಹೆಂಡತಿ ಆಗಲೇ ಮೆಟ್ಟಿಲು ಇಳಿದಿದ್ದಳು.

"ಟೀಚರೇ, ನಿಮಗೆ ಗೊತ್ತಿತ್ತಾ?"

"ಇಲ್ಲ" ಎಂದೆ.

ಅವನು ನನ್ನ ಮುಖ ನೋಡಿ, "ಗೊತ್ತಿರ್ಲಿಕ್ಕಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು?" ಎಂದು ನನಗೇ ಸಮಾಧಾನ ಹೇಳಿ ಹೋದ.

ಮತದಾನಕ್ಕೆ ಇನ್ನು ಸ್ವಲ್ಪ ದಿನ ಮಾತ್ರ ಉಳಿದಿತ್ತು. ಕಾರು, ಮೈಕು, ಬ್ಯಾಟರಿ ಎಲ್ಲ ಹಾಗೆಯೇ. ಅಪ್ಪಣೆ ಯಾಕೆ ಎನ್ನುವ ಸಾಲನ್ನು ಮಾತ್ರ ಬೇಗಬೇಗ ಹೇಳಿ ಮುಗಿಸುತ್ತಿದ್ದೆ. ಬಿಟ್ಟು ಮಾತಾಡಲು ನೋಡಿದೆ. ಆ ಮಾತಿಲ್ಲದೆ ಭಾಷಣವೇ ಸಪ್ಪೆಯಾಗುತ್ತಿತ್ತು. ಜನರೇ ಕೇಳುತ್ತಿದ್ದರು, "ಆ ಬಸ್ಸಿನ ಮಾತು ಹೇಳಿ ಟೀಚರೇ." ಹೇಳುತ್ತಿದ್ದೆ.

ಭಾನುವಾರ ಮೂಡುಬಿದಿರೆಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಬಾಟಲಿಗಳನ್ನು ತೊಳೆಯುತ್ತಿದ್ದರು. ಕೇಳಿ, ಬಹಳ ಹೊತ್ತು ಒಂದೇ ಬಾಟಲಿಯೊಳಗೆ ಬ್ರಶ್ ತಿರುಗಿಸಿದರು.

"ಅವರು ಮಾಡಿದ್ದು ಸರಿಯಲ್ಲ" ಎಂದರು. "ಆದ್ರೆ ಅವರು ಹೇಳುವ ಮಾತು ಸುಳ್ಳಾ?"

"ಮಾತು ಸುಳ್ಳಲ್ಲ."

"ಹಾಗಾದ್ರೆ ನೀನು ಎಂತ ಮಾಡ್ತಿ? ಆಚೆಯವನು ಗೆದ್ರೆ ಇರುವ ಪರ್ಮಿಟ್ಟೂ ಸರ್ಕಾರಕ್ಕೆ ಹೋಗ್ತದೆ. ನಿಮ್ಮ ಧಣಿಗಳು ಗೆದ್ರೆ ಅವರ ಕಿಸೆಯಲ್ಲೇ ಉಳಿತದೆ. ಪರ್ಮಿಟ್ ಬೇಡ ಅಂತ ಮಾತಾಡ್ಲಿಕ್ಕೆ ಒಬ್ಬನಾದ್ರೂ ವಿಧಾನಸಭೆಯಲ್ಲಿ ಬೇಕಲ್ಲ ಮಗಳೇ."

ಹಿಂತಿರುಗುವಾಗ ತಲೆಗಿಷ್ಟೆಂದು ಜನ ತುಂಬುವ ಸರ್ವೀಸ್ ಕಾರಿನಲ್ಲಿ ಎಲ್ಲರ ನಡುವೆ ಒತ್ತಿ ಕುಳಿತು ಯೋಚಿಸಿದೆ. ಸುಮ್ಮನಿದ್ದರೆ ಮೀಸೆಯವನಿಗೆ ಮಾಡಿದ ಮೋಸದಲ್ಲಿ ನನ್ನ ಪಾಲು ಗಟ್ಟಿಯಾಗುತ್ತದೆ. ಪ್ರಚಾರ ಬಿಟ್ಟು ಹೋದರೆ ಆ ಮೋಸ ಯಾರಿಗೂ ಗೊತ್ತಾಗುವುದಿಲ್ಲ. ಬೆಳ್ತಂಗಡಿ ಬರುವಷ್ಟರಲ್ಲಿ ಮೈಕಿನಲ್ಲಿ ಹೇಳಿದ್ದನ್ನು ಮೈಕಿನಲ್ಲೇ ಸರಿಪಡಿಸಬೇಕು ಎಂದು ನಿಶ್ಚಯಿಸಿದ್ದೆ. ಆ ನಿಶ್ಚಯ ಎಷ್ಟು ಹಗುರ ಅನ್ನಿಸಿತ್ತೆಂದರೆ, ಅದರ ಬಗ್ಗೆ ಒಬ್ಬರನ್ನಾದರೂ ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಪ್ರಚಾರದ ಕೊನೆಯ ಸಭೆ ಮುಂಡಾಜೆಯಲ್ಲಿ, ಸಂಜೆಗೆ ಮುಂಚೆ. ಲಾರಿಯ ಹಿಂಭಾಗವನ್ನೇ ವೇದಿಕೆ ಮಾಡಿದ್ದರು. ಧಣಿಗಳು ಕುರ್ಚಿಯಲ್ಲಿ ಕುಳಿತಿದ್ದರು. ಪದ್ಧತಿಯಂತೆ ಮೊದಲು ನಾನು. ಚಿಹ್ನೆ ಹೇಳಿದೆ, ಹೆಸರು ಹೇಳಿದೆ, ಮತ್ತೆ ಚಿಹ್ನೆ. ಆ ಸಾಲಿಗೆ ಬಂದೆ. ಜನ ನನಗಿಂತ ಮುಂಚೆ ಅದನ್ನು ಹೇಳಿ ನಕ್ಕರು.

ಆಗ ಹೇಳಿದೆ. "ಈ ಮಾತು ನಾನು ಹತ್ತಾರು ಕಡೆ ಹೇಳಿದ್ದೇನೆ. ಆದ್ರೆ ಇದೇ ಊರಿನ ಒಬ್ಬರು ಬಸ್ಸಿಗೆ ಪರ್ಮಿಟ್ ಕೇಳಿದಾಗ ಅದು ಸಿಗದ ಹಾಗೆ ಮಾಡಿದ್ದು ನಮ್ಮ ಅಭ್ಯರ್ಥಿಯೇ. ನಾನು ಅಲ್ಲಿ ಇದ್ದೆ. ವೋಟು ಕೊಡುವ ಮೊದಲು ಅವರನ್ನು ಕೇಳಿ." ಯಾರ ಬಸ್ಸು ಎಂದು ಹೆಸರು ಹಿಡಿದೇ ಹೇಳಿದೆ. ಗುಂಪಿನ ಹಿಂದೆ ಕಟ್ಟೆಯ ಬಳಿ ಅವನು ನಿಂತಿದ್ದ. ಎಲ್ಲರೂ ತಿರುಗಿ ಅವನನ್ನು ನೋಡಿದರು.

ಗಲಾಟೆಯಾಗುತ್ತದೆಂದು ಎಣಿಸಿದ್ದೆ. ಆಗಲಿಲ್ಲ. ಧಣಿಗಳು ನಿಧಾನವಾಗಿ ಎದ್ದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

"ಹುಡುಗಿ ಹೇಳಿದ್ದು ನಿಜ" ಎಂದರು ತುಳುವಿನಲ್ಲಿ. "ನಾನು ತಕರಾರು ಮಾಡಿದ್ದೇನೆ. ಇವತ್ತಿನ ಕಾನೂನು ಹಾಗೆ ಉಂಟು. ತಕರಾರು ಮಾಡದವನ ಬಸ್ಸು ಗ್ಯಾರೇಜಿನಲ್ಲಿ ನಿಲ್ತದೆ. ನನ್ನ ಗಾಡಿಯಲ್ಲಿ ಈ ಊರಿನ ಡ್ರೈವರ್ ಕಂಡಕ್ಟರ್‌ಗಳು ಇದ್ದಾರೆ, ಅವರ ಮನೆಯಲ್ಲೂ ಒಲೆ ಉರೀಬೇಕು. ಈ ಕಾನೂನು ಹೋಗ್ಲಿ ಅಂತಲೇ ನಾನು ನಿಂತದ್ದು. ಅದು ಹೋದ ದಿನ ಅವನೂ ಓಡಿಸ್ಲಿ, ನಾನೂ ಓಡಿಸ್ತೇನೆ, ಜನ ಯಾವುದಕ್ಕೆ ಹತ್ತುತ್ತಾರೋ ನೋಡುವ."

ಜನ ಚಪ್ಪಾಳೆ ತಟ್ಟಿದರು. ನನಗೆ ಯಾವತ್ತೂ ಸಿಗದಷ್ಟು ದೊಡ್ಡ ಚಪ್ಪಾಳೆ. ಲಾರಿಯಿಂದ ಇಳಿಯುವಾಗ ಅವರು ನನ್ನ ಪಕ್ಕದಲ್ಲಿ ಒಂದು ಕ್ಷಣ ನಿಂತರು. "ನನಗೆ ಮೊದ್ಲೇ ಹೇಳ್ಬಹುದಿತ್ತಲ್ಲ ಮಗಾ. ಆ ದಿನ ಕಾರಿನಲ್ಲಿ ನಾನು ಕೇಳಿದ್ದೆ. ಆಗುದಿಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು." ಸ್ವರದಲ್ಲಿ ಸಿಟ್ಟಿರಲಿಲ್ಲ. ಕಾರು ನನ್ನನ್ನು ಬಿಟ್ಟು ಹೋಗಲಿಲ್ಲ ಕೂಡ, ಬೆಳ್ತಂಗಡಿಯವರೆಗೆ ನನ್ನನ್ನೂ ಕರೆದುಕೊಂಡು ಬಂತು.

ಕಾರು ಹೊರಡುವ ಮುಂಚೆ ಮೀಸೆಯವನು ಬಂದಿದ್ದ. ಅಭಿಮಾನದಿಂದ ನೋಡುತ್ತಾನೆಂದು ನಾನು ಎಣಿಸಿದ್ದೆ.

"ನನ್ನ ಹೆಸರು ಯಾಕೆ ತಂದ್ರಿ?"

"ನಿನಗಾಗಿಯೇ..."

"ನನ್ನನ್ನು ಕೇಳಿದ್ರಾ? ಇನ್ನು ಯಾವ ಕಂಪನಿಯವ ನನಗೆ ಸ್ಟಿಯರಿಂಗ್ ಕೊಡ್ತಾನೆ? ಧಣಿಗಳ ಮೇಲೆ ಊರಲ್ಲಿ ಚಾಡಿ ಹೇಳಿಸಿದವ ಅಂತ ಆಯ್ತಲ್ಲ. ಎರಡು ತಿಂಗಳು ಬಿಟ್ಟು ನಾನೇ ಹೋಗಿ ಅವರ ಕಾಲು ಹಿಡಿದಿದ್ರೆ ಆ ಟ್ರಿಪ್ಪು ಬಿಟ್ಟು ಕೊಡ್ತಿದ್ರು, ಗೊತ್ತುಂಟಾ ನಿಮಗೆ?"

ಕೊಡುತ್ತಿದ್ದರೋ ಇಲ್ಲವೋ. ನಾನು ಕೇಳಿರಲಿಲ್ಲ ಎನ್ನುವುದು ಮಾತ್ರ ನಿಜ. ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಅವನ ಹೆಸರನ್ನು ಲಾರಿಯ ಮೇಲೆ ನಿಲ್ಲಿಸಿದ್ದೆ.

ಮರುದಿನದಿಂದ ಆಫೀಸಿಗೆ ಹೋಗಲಿಲ್ಲ. ಮತದಾನದ ದಿನ ದೊಡ್ಡಮ್ಮನ ಜತೆ ಶಾಲೆಯ ಸಾಲಿನಲ್ಲಿ ನಿಂತೆ. ಬೆರಳಿಗೆ ಶಾಯಿ ಹಚ್ಚಿ, ಮತಪತ್ರ ಕೈಗೆ ಕೊಟ್ಟು, ಗೋಣಿ ಪರದೆಯ ಹಿಂದೆ ಕಳಿಸಿದರು. ಅಷ್ಟು ಹೆಂಗಸರಿಗೆ ಕಲಿಸಿದವಳು ನಾನು ಮುದ್ರೆ ಹಿಡಿದು ನಿಂತುಬಿಟ್ಟೆ. ಒಂದು ಚಿಹ್ನೆ ಬಸ್ಸುಗಳನ್ನೆಲ್ಲ ಸರ್ಕಾರಕ್ಕೆ ತೆಗೆದುಕೊಳ್ಳುವವರದು. ಇನ್ನೊಂದು, ಬಸ್ಸು ಮಾತ್ರವಲ್ಲ, ಸೋಡಾ ಕಾರ್ಖಾನೆಯೂ ಸರ್ಕಾರದ್ದಾಗಲಿ ಎನ್ನುವವರದು. ಕೆಳಗೆ ಯಾರೋ ಪಕ್ಷೇತರರು, ಅವರ ಮನಸ್ಸಿನಲ್ಲಿ ಏನಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಉಳಿದದ್ದು ನಮ್ಮ ಚಿಹ್ನೆ. ಆ ಮನುಷ್ಯನ ಮೇಲಿನ ಬೇಸರಕ್ಕೆ ನಾನು ಒಪ್ಪದ ಮಾತಿಗೆ ಮುದ್ರೆ ಒತ್ತಲು ಕೈ ಬರಲಿಲ್ಲ. ಮತ ಹಾಕದೆ ಖಾಲಿ ಮಡಚಲೂ ಮನಸ್ಸಾಗಲಿಲ್ಲ. "ಎಂತ ಅಮ್ಮಾ, ಆಯ್ತಾ?" ಎಂದು ಹೊರಗಿನಿಂದ ಅಧಿಕಾರಿ ಕೇಳಿದರು. ಧಣಿಗಳ ಚಿಹ್ನೆಗೇ ಒತ್ತಿದೆ. ಅವರನ್ನು ಪ್ರಶ್ನಿಸಿ ಎಂದು ಇಡೀ ಊರಿಗೆ ಹೇಳಿದವಳು ಪರದೆಯ ಹಿಂದೆ ಅವರಿಗೇ ಮತ ಹಾಕಿ ಪೆಟ್ಟಿಗೆಗೆ ತಳ್ಳಿದೆ.

ಧಣಿಗಳು ಸೋತರು. ತೀರಾ ದೊಡ್ಡ ಅಂತರದಲ್ಲೇನೂ ಅಲ್ಲ. ಆಗ ಎಲ್ಲ ಪೆಟ್ಟಿಗೆಗಳ ಮತಪತ್ರಗಳನ್ನು ಒಟ್ಟಿಗೆ ಬೆರೆಸಿ ಎಣಿಸುತ್ತಿದ್ದುದರಿಂದ ಮುಂಡಾಜೆಯವರು ಏನು ಮಾಡಿದರೆಂದು ಹೇಳುವ ಹಾಗಿರಲಿಲ್ಲ. ನನ್ನಿಂದಲೇ ಸೋತದ್ದು ಎಂದು ಕೆಲವರು ಹೇಳಿದರು, ಹುಡುಗಿಯ ಮಾತಿಗೆ ಯಾರು ಬೆಲೆ ಕೊಡುತ್ತಾರೆ ಎಂದು ಕೆಲವರು. ಎರಡರಲ್ಲಿ ಯಾವುದನ್ನು ನಂಬಿದರೂ ನನಗೆ ನೆಮ್ಮದಿಯಿರಲಿಲ್ಲ.

ಬಂಟ್ವಾಳದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಅವರು ಬಸ್ಸಿನ ಕೇಸುಗಳನ್ನೂ ನೋಡುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಮುಂಡಾಜೆಯ ಅರ್ಜಿಯ ವಿಷಯ ತೆಗೆದೆ. ಅವರು ಕನ್ನಡಕ ಒರೆಸುತ್ತ ಹೇಳಿದರು, "ಬೇಡಿಕೆ ಇಲ್ಲ ಅಂತ ಬಿದ್ದದ್ದಲ್ವಾ? ಹಾಗಾದ್ರೆ ಬೇಡಿಕೆ ಇರುವವರನ್ನೇ ಅಲ್ಲಿಗೆ ಕರ್ಕೊಂಡು ಹೋಗ್ಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ ಕಾಗದವನ್ನು ಅಲ್ಲಿ ಯಾರೂ ನೋಡುದಿಲ್ಲ. ಜನ ಬಂದು ಬಾಯಿ ಬಿಡ್ಬೇಕು."

ಅವನ ಮನೆಗೆ ಹೋಗಲು ನನಗೆ ಬಹಳ ದಿನ ಬೇಕಾಯಿತು. ಹೋದಾಗ ಅವನು ಚಪ್ಪರದ ಕೆಳಗೆ ಬಸ್ಸಿನ ಚಕ್ರ ಬಿಚ್ಚುತ್ತಿದ್ದ. ಯಾವ ಕಂಪನಿಯೂ ಕೆಲಸ ಕೊಟ್ಟಿರಲಿಲ್ಲ, ಯಾರದೋ ಮರದ ಲಾರಿಯಲ್ಲಿ ಆಗಾಗ ಹೋಗುತ್ತಿದ್ದನಂತೆ. ನನ್ನನ್ನು ನೋಡಿಯೂ ನೋಡದವನಂತೆ ಕೆಲಸ ಮುಂದುವರಿಸಿದ. ನಾನು ಜಗಲಿಯ ಅಂಚಿನಲ್ಲಿ ನಿಂತು ವಕೀಲರು ಹೇಳಿದ್ದನ್ನೆಲ್ಲ ಹೇಳಿದೆ.

"ಆ ದಿನ ಮಂಗಳೂರಲ್ಲಿ ನೀನು ಕೇಳಿದಾಗ ಗೊತ್ತಿರ್ಲಿಲ್ಲ ಅಂತ ಹೇಳಿದೆ. ಗೊತ್ತಿತ್ತು" ಎಂದೆ.

"ನನಗೆ ಗೊತ್ತಾಗಿತ್ತು" ಎಂದ. ಸ್ಪ್ಯಾನರ್ ಕೆಳಗಿಟ್ಟ. "ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಟೀಚರೇ."

"ಈಗ ನಿನ್ನನ್ನು ಕೇಳ್ತಾ ಇದ್ದೇನೆ. ನೀನು ಬೇಡ ಅಂದ್ರೆ ಹೀಗೆಯೇ ವಾಪಸ್ ಹೋಗ್ತೇನೆ."

ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಅವನು ಅವಳ ಮುಖ ನೋಡಿದ, ಬಸ್ಸನ್ನು ನೋಡಿದ.

"ಮಾಡುವುದಾದ್ರೆ ಮಾಡಿ. ಮೈಕ್ ಮಾತ್ರ ಬೇಡ."

ವಾರದ ರಜೆಯ ದಿನಗಳಲ್ಲಿ ನಾನು ಮುಂಡಾಜೆಯ ಒಳದಾರಿಗಳಲ್ಲಿ ಮನೆಮನೆ ಹತ್ತಿಳಿದೆ. ಮತ ಕೇಳಲು ಹೋಗಿದ್ದ ಅದೇ ಅಂಗಳಗಳು. ಕೆಲವರು ಚಾಪೆ ಹಾಸಿದರು, ಕೆಲವರು ಹಾಸಲಿಲ್ಲ. "ಈ ಸಲ ಯಾವ ಪಕ್ಷ?" ಎಂದು ಒಬ್ಬರು ಕೇಳಿದರು. ಮಂಗಳೂರಿಗೆ ಬಂದು ಅಧಿಕಾರಿಯ ಎದುರು ಮಾತಾಡಬೇಕು ಎಂದ ಕೂಡಲೇ ಮುಕ್ಕಾಲು ಪಾಲು ಜನ ಹಿಂದೆ ಸರಿದರು. ಧಣಿಗಳ ಬಸ್ಸಿನಲ್ಲೇ ನಾಳೆಯೂ ಹೋಗಬೇಕಲ್ಲ ಎನ್ನುವ ಭಯ. ಅದು ಸುಳ್ಳು ಭಯವೆಂದು ನಾನು ಹೇಳಲಾರದವಳಾಗಿದ್ದೆ. ಕೊನೆಗೆ ಒಬ್ಬ ಶಾಲಾ ಮಾಸ್ತರರು, ಕಾಲು ಸರಿಯಿಲ್ಲದ ಒಬ್ಬ ಅಜ್ಜ, ಬೀಡಿ ಕಟ್ಟುವ ಇಬ್ಬರು ಹೆಂಗಸರು ಹೊರಟರು.

ಹೊಸದಾಗಿ ಅರ್ಜಿ ಹಾಕಿದ್ದೆವು. ಅದರ ವಿಚಾರಣೆಗೆ ಧಣಿಗಳು ಮತ್ತೆ ಬಂದಿದ್ದರು. ಅವರ ವಕೀಲರು ಅದೇ ಮಾತುಗಳನ್ನು ಹೇಳಿದರು, ಸಾಕಷ್ಟು ಬಸ್ಸುಗಳಿವೆ ಎಂದು. ಅಧಿಕಾರಿ ಬೀಡಿ ಕಟ್ಟುವ ಹೆಂಗಸಿನ ಕಡೆ ತಿರುಗಿ, "ಬಸ್ಸು ಉಂಟಂತಲ್ಲಮ್ಮ?" ಎಂದರು.

"ಉಂಟು ಸ್ವಾಮಿ" ಎಂದಳು ಆಕೆ. "ನೋಡ್ಲಿಕ್ಕೆ ಉಂಟು. ಹತ್ಲಿಕ್ಕೆ ಇಲ್ಲ."

ಕೋಣೆಯಲ್ಲಿ ಎಲ್ಲರೂ ನಕ್ಕರು. ಧಣಿಗಳೂ ನಕ್ಕರು. ಬೆಳಗಿನ ಒಂದು ಟ್ರಿಪ್ಪಿಗೆ, ಸದ್ಯಕ್ಕೆ ತಾತ್ಕಾಲಿಕ ಎಂದು, ಪರ್ಮಿಟ್ ಸಿಕ್ಕಿತು.

ಮೊದಲ ದಿನದ ಓಟಕ್ಕೆ ನಾನು ಹಿಂದಿನ ಸಂಜೆಯೇ ಹೋಗಿ ಮಾಸ್ತರರ ಮನೆಯಲ್ಲಿದ್ದೆ. ಬಸ್ಸಿಗೆ ಹಸಿರು ಬಣ್ಣ ಹೊಡೆದಿದ್ದ. ಸಂಪಿಗೆ ಮಾಲೆ ಹಾಕಿ ತೆಂಗಿನಕಾಯಿ ಒಡೆದರು. ಮಕ್ಕಳು, ಬೀಡಿಯ ಬುಟ್ಟಿಗಳು, ಒಂದು ಕೋಳಿ, ಎಲ್ಲ ಹತ್ತಿದವು. ಕಂಡಕ್ಟರ್ ನನ್ನಿಂದಲೂ ಟಿಕೆಟಿನ ಹಣ ಕೇಳಿ ಪಡೆದ, ಅದು ನನಗೆ ಸರಿಯೆನಿಸಿತು. ಬೆಳ್ತಂಗಡಿಯಲ್ಲಿ ಎಲ್ಲರೂ ಇಳಿದ ಮೇಲೆ ಅವನು ತನ್ನ ಸೀಟಿನಿಂದ ತಿರುಗಿ ಹೇಳಿದ.

"ಒಂದು ವಿಷಯ ಗೊತ್ತುಂಟಾ ಟೀಚರೇ? ಆ ಸಲ ನಾನು ಧಣಿಗಳಿಗೇ ವೋಟು ಹಾಕಿದ್ದು. ಅವರ ಮೇಲೆ ಸಿಟ್ಟಿತ್ತು. ಆದ್ರೆ ಪರ್ಮಿಟ್ ಬೇಡ ಅಂತ ಹೇಳುವವ ಬೇರೆ ಯಾರಿದ್ರು?"

"ನಾನೂ ಅವರಿಗೇ ಹಾಕಿದ್ದು" ಎಂದೆ.

ಅವನು ಬಾಯಿ ತೆರೆದು ನನ್ನನ್ನು ನೋಡಿ, ಆಮೇಲೆ ಸ್ಟಿಯರಿಂಗಿಗೆ ಹಣೆಯೊತ್ತಿ ನಕ್ಕ. ಆ ಸಭೆಯ ನಂತರ ನನ್ನ ಎದುರು ಅವನು ನಕ್ಕದ್ದು ಅದೇ ಮೊದಲು. "ಹೋಗಿ ಹೇಳಿ ಮಾರಾಯ್ರೆ ಅವರಿಗೆ. ಪಾಪ."

ಬಸ್ ನಿಲ್ದಾಣದಿಂದ ಧಣಿಗಳ ಆಫೀಸು ದೂರವಿಲ್ಲ. ಚುನಾವಣೆಯ ನಂತರ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಗೋಡೆಯ ಮೇಲೆ ಪಕ್ಷದ ಪೋಸ್ಟರ್ ಇದ್ದ ಜಾಗ ಚೌಕವಾಗಿ ಬೆಳ್ಳಗೆ ಉಳಿದಿತ್ತು. ಧಣಿಗಳು ಟೈಮಿಂಗಿನ ಹಾಳೆ ನೋಡುತ್ತಿದ್ದರು. ಹೊಸ ಟ್ರಿಪ್ಪಿನಿಂದಾಗಿ ಅದನ್ನು ಬದಲಿಸಬೇಕಾಗಿತ್ತು.

"ಬಾ ಮಗಾ. ಅಪ್ಪ ಹೇಗಿದ್ದಾರೆ?"

"ಹುಷಾರಿದ್ದಾರೆ." ನಿಂತೇ ಹೇಳಿದೆ. "ಧಣಿಗಳೇ, ಆ ಚುನಾವಣೆಯಲ್ಲಿ ನಾನು ನಿಮಗೇ ವೋಟು ಹಾಕಿದ್ದು. ಮುಂಡಾಜೆಯವನೂ ನಿಮಗೇ ಹಾಕಿದ್ದಾನೆ."

ಅವರು ಹಾಳೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ಮಕ್ಕಳು ಏನೋ ಹೇಳಿದಾಗ ದೊಡ್ಡವರು ನಗುವ ಹಾಗೆ ನಕ್ಕರು.

"ಸೋತವನ ಹತ್ರ ಬಂದವರೆಲ್ಲ ಹೀಗೇ ಹೇಳ್ತಾರೆ ಮಗಾ. ಬೆಳ್ತಂಗಡಿಯಲ್ಲಿ ನನಗೆ ವೋಟು ಹಾಕದವ ಒಬ್ಬನೂ ಈವರೆಗೆ ಸಿಗ್ಲಿಲ್ಲ." ಒಳಗೆ ತಿರುಗಿ ಕೂಗಿದರು, "ಒಂದು ಚಾ ತಾರಾ."

ಚಾ ಬಂತು. ಅವರು ಮತ್ತೆ ಹಾಳೆಗೆ ಬಗ್ಗಿದರು. ನಂಬಿಸಲು ನನ್ನ ಬಳಿ ಏನೂ ಇರಲಿಲ್ಲ. ಬಿಸಿ ಆರುವವರೆಗೆ ಕಾದು, ಕುಡಿದು, ಹೊರಟೆ.